ಕೆಂಗೇರಿಯಲ್ಲಿ ಸಂತ ಬೆನೆಡಿಕ್ಟರ ನಿಯಮಾವಳಿ: ಒಂದು ಪ್ರೇಷಿತ ನೆಲೆಯ ದಿನಚರಿ ಮತ್ತು ಪ್ರಾರ್ಥನೆ

ಪೀಠಿಕೆ

ಕನ್ನಡ ನಾಡಿನ ಪ್ರೇಷಿತಕಾರ್ಯದ ಚರಿತ್ರೆಯನ್ನು ಗುರುಮಠಗಳಲ್ಲಿ ಓದುವಾಗ ನಾವು ಸಾಮಾನ್ಯವಾಗಿ ಲೆಕ್ಕ ಹಾಕುವುದು ಜ್ಞಾನಸ್ನಾನಗಳನ್ನು, ಶಾಲೆಗಳನ್ನು, ಆಸ್ಪತ್ರೆಗಳನ್ನು ಮತ್ತು ಅಚ್ಚುಕೂಟಗಳನ್ನು. ಬಾಸೆಲ್ ಮಿಷನ್ ಎಂದೊಡನೆ ಹೆಂಚಿನ ಕಾರ್ಖಾನೆಯೂ ಕಿಟ್ಟೆಲರ ನಿಘಂಟೂ ನೆನಪಾಗುತ್ತವೆ. ಮೈಸೂರು ಸೀಮೆಯ ಫ್ರೆಂಚ್ ಗುರುಗಳೆಂದೊಡನೆ ಅಬ್ಬೆ ದ್ಯುಬುವಾ ಅವರ ಗ್ರಂಥ ನೆನಪಾಗುತ್ತದೆ. ಆದರೆ ಹೀಗೆ ದೂರದ ದೇಶಗಳಿಂದ ಬಂದವರು ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದರು, ಏನನ್ನು ಉಂಡರು, ಯಾವುದರ ಮೇಲೆ ಮಲಗಿದರು, ಯಾವ ನುಡಿಯಲ್ಲಿ ದೇವರನ್ನು ಕರೆದರು ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಅವು ಚರಿತ್ರೆಗೆ ತಕ್ಕ ಸಂಗತಿಗಳಲ್ಲವೆಂದು ಭಾವಿಸುತ್ತೇವೆ.

ಪ್ರಸ್ತುತ ಲೇಖನವು ಆ ಸಣ್ಣ ಸಂಗತಿಗಳ ಕಡೆಗೇ ಗಮನ ಹರಿಸುತ್ತದೆ. ನಮ್ಮ ಬೆಂಗಳೂರಿನ ಪಶ್ಚಿಮ ಅಂಚಿನಲ್ಲಿ, ಮೈಸೂರು ರಸ್ತೆಯ ಕೆಂಗೇರಿಯಲ್ಲಿ, 1950ರ ದಶಕದಲ್ಲಿ ಒಂದು ವಿಶಿಷ್ಟ ಪ್ರಯತ್ನ ನಡೆಯಿತು. ಇಂಗ್ಲೆಂಡ್ ಮತ್ತು ಬೆಲ್ಜಿಯಂ ದೇಶಗಳ ಬೆನೆಡಿಕ್ಟೀನ ಪರಂಪರೆ ಇಲ್ಲಿಯ ಕೆಂಪು ಮಣ್ಣಿನಲ್ಲಿ ಬೇರು ಬಿಡಲು ಯತ್ನಿಸಿತು. ಹಾಗೆ ಬಂದ ಸಂನ್ಯಾಸಿಗಳ ಮೊದಲ ಉದ್ದೇಶ ಶಾಲೆ ಕಟ್ಟುವುದಾಗಿರಲಿಲ್ಲ, ಪ್ರಾರ್ಥಿಸುವುದಾಗಿತ್ತು. ಆ ಪ್ರಯತ್ನದಲ್ಲಿ ಕೆಲವರು ಹೊರಟು ಹೋದರು, ಕೆಲವರು ನೆಲೆ ನಿಂತರು. ಹೋದವರೂ ನಿಂತವರೂ ಒಂದೇ ನಿಯಮಾವಳಿಯ ಮಕ್ಕಳು. ಪ್ರಾರ್ಥನೆಯೇ ಪ್ರೇಷಿತಕಾರ್ಯವಾಗಬಲ್ಲದೇ, ಆಗುವುದಾದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಗೆ ಅವರಿಬ್ಬರ ಅನುಭವವೂ ಬೆಳಕು ನೀಡುತ್ತದೆ.

1. ಪ್ರಾರ್ಥಿಸುವ ಪ್ರೇಷಿತರು: ಹಿನ್ನೆಲೆ

ಧ್ಯಾನಪರ ಜೀವನವನ್ನು ಪ್ರೇಷಿತ ನಾಡುಗಳಲ್ಲಿ ನೆಡಬೇಕೆಂಬ ಕರೆ ಹೊಸದಲ್ಲ. ಜಗದ್ಗುರು ಹನ್ನೊಂದನೆಯ ಪಿಯುಸರು 1926ರ ‘ರೇರುಂ ಎಕ್ಲೇಸಿಯೇ’ ಎಂಬ ವಿಶ್ವಪರಿಪತ್ರದಲ್ಲಿ ಸ್ಥಳೀಯ ಯಾಜಕವರ್ಗವನ್ನು ಬೆಳೆಸಬೇಕೆಂದು ಒತ್ತಿ ಹೇಳಿದರು. ಅದೇ ಪತ್ರದಲ್ಲಿ ಧ್ಯಾನಪರ ಸಭೆಗಳು ಪ್ರೇಷಿತ ಪ್ರದೇಶಗಳಲ್ಲಿ ಮಠಗಳನ್ನು ಸ್ಥಾಪಿಸಬೇಕೆಂದೂ ಕೋರಿದರು. ಮರುವರ್ಷ, 1927ರ ಡಿಸೆಂಬರಿನಲ್ಲಿ, ಲಿಸ್ಯೂ ಪಟ್ಟಣದ ಸಂತ ತೆರೇಸಮ್ಮನವರನ್ನು ಸಂತ ಫ್ರಾನ್ಸಿಸ್ ಜೇವಿಯರರೊಂದಿಗೆ ಪ್ರೇಷಿತಕಾರ್ಯದ ಪಾಲಕರನ್ನಾಗಿ ಘೋಷಿಸಿದರು. ಮಠದ ಆವರಣದಲ್ಲೇ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಪ್ರಾಣ ಬಿಟ್ಟ ಕನ್ಯೆಯೊಬ್ಬರು ಸಮುದ್ರ ದಾಟಿ ಗೋವೆಯಿಂದ ಜಪಾನಿನವರೆಗೆ ಸಂಚರಿಸಿದ ಪ್ರೇಷಿತರಿಗೆ ಸಮಾನರೆಂಬುದು ಈ ಘೋಷಣೆಯ ಅರ್ಥ. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಆದ್ ಜೆಂತೆಸ್’ ಆಜ್ಞಾಪತ್ರವು (1965) 18 ಮತ್ತು 40ನೆಯ ವಿಭಾಗಗಳಲ್ಲಿ ಇದೇ ಬೋಧನೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು.

ಬೆಲ್ಜಿಯಂ ದೇಶದ ಬ್ರೂಜ್ ನಗರದ ಬಳಿ ಇರುವ ಸಂತ ಅಂದ್ರೆಯರ ಬೆನೆಡಿಕ್ಟೀನ ಮಠ ಈ ಕರೆಯನ್ನು ತನ್ನದಾಗಿಸಿಕೊಂಡಿತು. ಆಫ್ರಿಕಾದ ಕಟಾಂಗಾ ಪ್ರದೇಶಕ್ಕೂ ಚೀನಾ ದೇಶಕ್ಕೂ ಅದು ತನ್ನ ಸಂನ್ಯಾಸಿಗಳನ್ನು ಕಳುಹಿಸಿತು. ಒಂದು ಕಾಲಕ್ಕೆ ಚೀನಾದ ಪ್ರಧಾನಮಂತ್ರಿಯಾಗಿದ್ದ ಲೂ ಜೆಂಗ್‌ಶಿಯಾಂಗ್ ಅವರು ಪತ್ನೀವಿಯೋಗದ ನಂತರ ಇದೇ ಮಠದಲ್ಲಿ ಸಂನ್ಯಾಸ ಸ್ವೀಕರಿಸಿ 1949ರಲ್ಲಿ ನಿಧನ ಹೊಂದಿದರು. ಭಾರತದಲ್ಲಿ ಈ ಮಠದ ಕವಲು ಮೊದಲು ಚಿಗುರಿದ್ದು 1940ರ ದಶಕದಲ್ಲಿ, ತಮಿಳುನಾಡಿನ ಸಿಲುವೈಗಿರಿಯಲ್ಲಿ. ‘ಸಿಲುವೈ’ ಎಂದರೆ ನಮ್ಮ ಶಿಲುಬೆ. ಶಿಲುಬೆಯ ಬೆಟ್ಟವೆಂದು ಆ ಹೆಸರಿನ ಅರ್ಥ.

ಆದರೆ ವಿದೇಶಿ ಪ್ರೇಷಿತನೊಬ್ಬನು ಇಲ್ಲಿಯ ಸಂನ್ಯಾಸಿಯಂತೆ ಬಾಳಬೇಕೆಂಬ ವಿಚಾರ ಕನ್ನಡ ನಾಡಿಗೆ ಇಪ್ಪತ್ತನೆಯ ಶತಮಾನದಲ್ಲಿ ಬಂದದ್ದಲ್ಲ. ಮದುರೆಯಲ್ಲಿ ರಾಬರ್ಟೊ ದೆ ನೋಬಿಲಿ ಅವರು ಹಾಕಿಕೊಟ್ಟ ಮಾರ್ಗದಲ್ಲೇ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಅವರು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಪ್ರೇಷಿತ ಕ್ಷೇತ್ರಕ್ಕೆ ಅಡಿಗಲ್ಲು ಹಾಕಿದರು; ಕನ್ನಡವನ್ನು ಕಲಿತು ಕನ್ನಡದಲ್ಲಿ ಬರೆದರು. ಮುಂದೆ 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಅಬ್ಬೆ ದ್ಯುಬುವಾ ಅವರೂ ಉಡುಗೆಯಲ್ಲಿ ಮತ್ತು ಆಹಾರದಲ್ಲಿ ಈ ನಾಡಿನ ರೀತಿಯನ್ನೇ ಅನುಸರಿಸಿದರು. ಇವರು ಒಬ್ಬೊಬ್ಬರಾಗಿ ಊರೂರು ಸುತ್ತಿದವರು. ಒಂದು ಇಡೀ ಮಠ, ತನ್ನ ಗಂಟೆ, ಗಾಯನ, ಭೋಜನಶಾಲೆ ಮತ್ತು ಮೌನಗಳೊಡನೆ, ಒಂದೇ ಊರಿನಲ್ಲಿ ನೆಲೆ ನಿಲ್ಲುವುದು ಬೇರೆಯದೇ ಸವಾಲು.

2. ಕೆಂಗೇರಿಗೆ ಬಂದವರು

1955ರಲ್ಲಿ ಇಬ್ಬರು ಬೆನೆಡಿಕ್ಟೀನರು ಹಡಗಿನಲ್ಲಿ ಮುಂಬಯಿಗೆ ಬಂದಿಳಿದರು. ಒಬ್ಬರು ಭಾರತೀಯ ಮೂಲದ ಬೆನೆಡಿಕ್ಟ್ ಆಲಪ್ಪಾಟ್. ತಮ್ಮ ಹಿರಿಯರ ನಾಡಿನಲ್ಲಿ ಮಠವೊಂದನ್ನು ಸ್ಥಾಪಿಸಬೇಕೆಂಬುದು ಅವರ ಹಂಬಲವಾಗಿತ್ತು. ಇನ್ನೊಬ್ಬರು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್. ಆಕ್ಸ್‌ಫರ್ಡಿನಲ್ಲಿ ಓದಿದ್ದ ಗ್ರಿಫಿತ್ಸ್ ಅವರು 1930ರಲ್ಲಿ ಇಬ್ಬರು ಗೆಳೆಯರೊಡನೆ ಹಳ್ಳಿಯ ಸಣ್ಣ ಮನೆಯೊಂದರಲ್ಲಿ ಹಸುಗಳನ್ನು ಸಾಕಿ, ಹಾಲು ಮಾರಿ, ಯಂತ್ರಗಳ ನೆರವಿಲ್ಲದೆ ಬಾಳುವ ಪ್ರಯೋಗ ನಡೆಸಿದ್ದರು. ಆ ಸರಳ ಬದುಕಿನಲ್ಲಿ ಬೈಬಲ್ ಓದುತ್ತಲೇ ಅವರು ಕ್ರೈಸ್ತ ವಿಶ್ವಾಸಕ್ಕೆ ಮರಳಿದರು, 1931ರಲ್ಲಿ ಕಥೋಲಿಕರಾದರು, ಅನಂತರ ಪ್ರಿಂಕ್‌ನಾಶ್ ಮಠವನ್ನು ಸೇರಿದರು. ಭಾರತಕ್ಕೆ ಬರುವ ಹೊತ್ತಿಗೆ ಅವರು ನಲವತ್ತೆಂಟು ವರ್ಷದ ಅನುಭವೀ ಸಂನ್ಯಾಸಿ. ತಮ್ಮ ಮೂಲಮಠದ ಆಶ್ರಯವನ್ನು ಬಿಟ್ಟು ಸ್ಥಳೀಯ ಧರ್ಮಾಧ್ಯಕ್ಷರ ಅಧೀನದಲ್ಲಿ ಬಾಳಬೇಕೆಂಬ ಷರತ್ತಿನ ಮೇಲೆ ಅವರಿಗೆ ಅನುಮತಿ ದೊರೆತಿತ್ತು. ಇಬ್ಬರೂ ಕೆಂಗೇರಿಯಲ್ಲಿ ನೆಲೆಸಿದರು.

ಅಂದಿನ ಕೆಂಗೇರಿಯನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಕಷ್ಟ. ಈಗ ಅಲ್ಲಿಗೆ ನಮ್ಮ ಮೆಟ್ರೋ ನೇರಳೆ ಮಾರ್ಗ ತಲುಪಿದೆ; ಕೆಂಗೇರಿ ನಿಲ್ದಾಣ 2021ರ ಆಗಸ್ಟಿನಲ್ಲಿ ಆರಂಭವಾಯಿತು. 1955ರಲ್ಲಿ ಅದು ಬೆಂಗಳೂರು–ಮೈಸೂರು ರಸ್ತೆಯ ಮೇಲಿನ, ರೈಲು ನಿಲ್ಲುವ ಒಂದು ಸಣ್ಣ ಊರು. ಸುತ್ತಲೂ ರಾಗಿಯ ಹೊಲ, ಕೆರೆ, ಬಂಡೆಗಲ್ಲು. ಬೆಂಗಳೂರು 1953ರಲ್ಲಷ್ಟೇ ಮಹಾಧರ್ಮಪ್ರಾಂತ್ಯವಾಗಿತ್ತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದೇ ರಾಜ್ಯವಾಗಿ ಕೂಡಿದವು. ಅಂದರೆ ಈ ಸಂನ್ಯಾಸಿಗಳು ಬಂದದ್ದು ಕನ್ನಡಿಗರು ತಮ್ಮ ನುಡಿಯ ಹೆಸರಿನಲ್ಲಿ ಒಂದಾಗುತ್ತಿದ್ದ ಕಾಲಕ್ಕೆ. ಈ ಸಂಗತಿಯನ್ನು ನೆನಪಿಡಬೇಕು.

1957ರಲ್ಲಿ ಸಿಲುವೈಗಿರಿಯ ಸಮುದಾಯವೂ ಇದೇ ಕೆಂಗೇರಿಗೆ ಬಂದಿತು. ಅದರ ನೆಲೆಗೆ ‘ಆಶೀರ್ವನಂ’ ಎಂಬ ಹೆಸರಾಯಿತು. ಬೆನೆಡಿಕ್ಟ್ ಎಂಬ ಲತೀನ್ ಹೆಸರಿನ ಅರ್ಥ ಆಶೀರ್ವಾದ ಪಡೆದವನು; ಆ ಅರ್ಥವನ್ನು ಭಾರತೀಯ ನುಡಿಯಲ್ಲಿ ವನದೊಡನೆ ಜೋಡಿಸಿದ ಹೆಸರಿದು. ಹೀಗೆ ನಾಮಕರಣದಲ್ಲೇ ದೇಶೀಯವಾಗುವ ಆಸೆ ಮೊಳೆತಿತ್ತು. ಮುಂದೆ ಮಹಿಳೆಯರ ಬೆನೆಡಿಕ್ಟೀನ ಮಠವಾದ ‘ಶಾಂತಿನಿಲಯ’ವೂ ಬೆಂಗಳೂರಿನಲ್ಲಿ ಬೇರೂರಿತು, ಅದಕ್ಕೆ ತಾಯಿಮನೆ ಇಂಗ್ಲೆಂಡಿನ ರೈಡ್ ಪಟ್ಟಣದ ಸಂತ ಸಿಸಿಲಿಯಮ್ಮನವರ ಮಠ.

3. ಮಠದ ಒಂದು ದಿನ

ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅವುಗಳಲ್ಲಿ 8ರಿಂದ 20ರವರೆಗಿನ ಅಧ್ಯಾಯಗಳು ಸಮುದಾಯ ಪ್ರಾರ್ಥನೆಯನ್ನೇ ಕುರಿತವು. ಅದನ್ನು ಬೆನೆಡಿಕ್ಟರು ‘ಓಪುಸ್ ದೇಯಿ’, ಅಂದರೆ ದೇವರ ಕಾರ್ಯ, ಎಂದು ಕರೆಯುತ್ತಾರೆ. ದೇವರ ಕಾರ್ಯಕ್ಕಿಂತ ಯಾವುದಕ್ಕೂ ಹೆಚ್ಚಿನ ಪ್ರಾಶಸ್ತ್ಯ ಸಲ್ಲದೆಂಬುದು 43ನೆಯ ಅಧ್ಯಾಯದ ಕಟ್ಟಪ್ಪಣೆ. ರಾತ್ರಿ ಒಮ್ಮೆ, ಹಗಲಿನಲ್ಲಿ ಏಳು ಬಾರಿ ಸಂನ್ಯಾಸಿಗಳು ದೇವಾಲಯದಲ್ಲಿ ಸೇರಬೇಕು. ವಾರದೊಳಗೆ 150 ಕೀರ್ತನೆಗಳನ್ನೂ ಹಾಡಿ ಮುಗಿಸಬೇಕು. 1950ರ ದಶಕದ ಬೆನೆಡಿಕ್ಟೀನ ಮಠವೊಂದರ ದಿನವನ್ನು ಕಟ್ಟುತ್ತಿದ್ದುದು ಈ ಎಂಟು ಯಾಮಪ್ರಾರ್ಥನೆಗಳೇ.

ಸೂರ್ಯೋದಯಕ್ಕೆ ಬಹಳ ಮುಂಚೆ ಜಾಗರಣೆಯ ಪ್ರಾರ್ಥನೆ. ಇದು ಕನ್ನಡಿಗನಿಗೆ ಅಪರಿಚಿತ ವೇಳೆಯೇನಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬುದು ನಮ್ಮ ಹಿರಿಯರು ಮತಭೇದವಿಲ್ಲದೆ ಹೇಳುತ್ತಿದ್ದ ಮಾತು. ಬೆಳಕು ಹರಿಯುವಾಗ ಪ್ರಭಾತಸ್ತುತಿ. ಅದಾದ ಮೇಲೆ ಅಂದಿನ ಪದ್ಧತಿಯಂತೆ ಮೊದಲ ತಾಸಿನ ಪ್ರಾರ್ಥನೆ. ಈ ಮೊದಲ ತಾಸಿನ ಪ್ರಾರ್ಥನೆಯನ್ನು ವ್ಯಾಟಿಕನ್ ಮಹಾಸಭೆ 1963ರಲ್ಲಿ ಕೈಬಿಟ್ಟಿತು. ದಿನದ ನಡುವೆ ಸಮುದಾಯದ ಬಲಿಪೂಜೆ. ಮೂರನೆಯ, ಆರನೆಯ ಮತ್ತು ಒಂಬತ್ತನೆಯ ತಾಸುಗಳಲ್ಲಿ ಚಿಕ್ಕ ಪ್ರಾರ್ಥನೆಗಳು, ಇಳಿಹೊತ್ತಿನಲ್ಲಿ ಸಂಧ್ಯಾಸ್ತುತಿ, ಮಲಗುವ ಮುನ್ನ ಶಯನಪ್ರಾರ್ಥನೆ. ಅಲ್ಲಿಂದ ಮರುದಿನದ ಬೆಳಗಿನವರೆಗೆ ಮಹಾಮೌನ. ವಿಶೇಷ ಅಗತ್ಯವಿಲ್ಲದೆ ಯಾರೂ ಮಾತನಾಡುವಂತಿಲ್ಲ.

ಪ್ರಾರ್ಥನೆಗಳ ನಡುವಿನ ಹೊತ್ತನ್ನು 48ನೆಯ ಅಧ್ಯಾಯ ಎರಡು ಕೆಲಸಗಳಿಗೆ ಹಂಚುತ್ತದೆ: ಕೈದುಡಿಮೆ ಮತ್ತು ಪವಿತ್ರ ವಾಚನ. ಸೋಮಾರಿತನ ಆತ್ಮಕ್ಕೆ ಶತ್ರುವೆಂಬುದು ಅದರ ತರ್ಕ. ‘ಪ್ರಾರ್ಥಿಸು, ದುಡಿ’ ಎಂಬ ಪ್ರಸಿದ್ಧ ಬೆನೆಡಿಕ್ಟೀನ ಘೋಷವಾಕ್ಯ ಅಕ್ಷರಶಃ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ಅದು ಬಹಳ ಈಚಿನದು. ಆದರೂ ಅದು ನಿಯಮಾವಳಿಯ ಸಾರವನ್ನು ಹಿಡಿದಿಡುತ್ತದೆ. ಮಠದ ಉಗ್ರಾಣಿಯು ಗುದ್ದಲಿ, ಪಾತ್ರೆ ಮೊದಲಾದ ಎಲ್ಲ ಸಾಮಾನುಗಳನ್ನು ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು 31ನೆಯ ಅಧ್ಯಾಯ ಹೇಳುತ್ತದೆ. ಶರಣರ ಕಾಯಕತತ್ತ್ವವನ್ನು ಕೇಳಿ ಬೆಳೆದ ನಾಡಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ, ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತನಂತೆ ಸ್ವಾಗತಿಸಬೇಕು, ಬಡವರಿಗೂ ಯಾತ್ರಿಕರಿಗೂ ವಿಶೇಷ ಆದರ ತೋರಬೇಕು ಎನ್ನುವ 53ನೆಯ ಅಧ್ಯಾಯವನ್ನು ದಾಸೋಹದ ನಾಡು ಕೂಡಲೇ ಗುರುತು ಹಿಡಿಯುತ್ತದೆ. ಎರಡು ಪರಂಪರೆಗಳ ದೇವಶಾಸ್ತ್ರ ಬೇರೆ ಬೇರೆ. ಆದರೆ ದುಡಿಮೆ ಮತ್ತು ಅನ್ನ ಎರಡೂ ಪರಂಪರೆಗಳಲ್ಲಿ ಉಪಾಸನೆಯ ಅಂಗಗಳೇ.

ಊಟದ ವಿಷಯದಲ್ಲಿಯೂ ಸಾಮೀಪ್ಯವಿದೆ. ರೋಗಿಗಳನ್ನು ಬಿಟ್ಟು ಉಳಿದವರು ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ಸೇವಿಸಬಾರದೆಂದು 39ನೆಯ ಅಧ್ಯಾಯ ವಿಧಿಸುತ್ತದೆ. ಬೇಯಿಸಿದ ಎರಡು ಪದಾರ್ಥ, ಒಂದು ಪೌಂಡು ರೊಟ್ಟಿ ಸಾಕೆನ್ನುತ್ತದೆ. ಊಟದ ವೇಳೆ ಎಲ್ಲರೂ ಮೌನವಾಗಿರಬೇಕು. ಒಬ್ಬನು ಗ್ರಂಥವನ್ನು ಓದಬೇಕು. ಕೆಂಗೇರಿಯ ಸೀಮೆಗೆ ಇದನ್ನು ಹೊಂದಿಸಿ ಹೇಳುವುದಾದರೆ ಒಂದು ಮುದ್ದೆ, ಒಂದು ಸಾರು, ಒಂದು ಪಲ್ಯ. ಜೊತೆಗೆ ಕಿವಿಗೆ ದೇವರ ವಾಕ್ಯ.

ಕಾಲದ ಲೆಕ್ಕವೊಂದು ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಬೆನೆಡಿಕ್ಟರು ತಮ್ಮ ದಿನಚರಿಯನ್ನು ಮಧ್ಯ ಇಟಲಿಯ ಆಕಾಶವನ್ನು ನೋಡಿ ಬರೆದರು. ಮೊಂತೆ ಕಸ್ಸೀನೊ ಬೆಟ್ಟದ ಮೇಲೆ ಬೇಸಿಗೆಯ ದೀರ್ಘ ಹಗಲು ಸುಮಾರು ಹದಿನೈದು ಗಂಟೆ, ಚಳಿಗಾಲದ ಕಿರುಹಗಲು ಸುಮಾರು ಒಂಬತ್ತು ಗಂಟೆ. ಆದ್ದರಿಂದಲೇ ನಿಯಮಾವಳಿಯಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ವೇಳಾಪಟ್ಟಿ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಲ್ಲಿ ಋತುವನ್ನು ಬೆಳಕಿಗಿಂತ ಹೆಚ್ಚಾಗಿ ಮಳೆ ನಿರ್ಧರಿಸುತ್ತದೆ. ಮುಂಗಾರಿನ ಬಿತ್ತನೆ, ಕಾರ್ತಿಕದ ನಂತರದ ಕೊಯ್ಲು, ಸುಗ್ಗಿಯ ಕಣ ಇವೇ ರೈತನ ಕಾಲಮಾನ. ಯುರೋಪಿನ ಋತುಗಳಿಗೆ ಕಟ್ಟಿದ ಪ್ರಾರ್ಥನೆ ಈ ಋತುಗಳ ನಡುವೆ ಹೇಗೆ ಉಸಿರಾಡಬೇಕು? ಈ ಸಣ್ಣ ಪ್ರಶ್ನೆಯಲ್ಲೇ ದೊಡ್ಡ ಪ್ರಶ್ನೆ ಅಡಗಿದೆ.

4. ಮಂಚ, ಚಮಚ, ಪಾದರಕ್ಷೆ

ಗ್ರಿಫಿತ್ಸ್ ಅವರಿಗೆ ಕೆಂಗೇರಿಯಲ್ಲಿ ಎದುರಾದದ್ದು ಈ ದೊಡ್ಡ ಪ್ರಶ್ನೆಯೇ. ಅವರು ದಾರಿದ್ರ್ಯವ್ರತವನ್ನು ಲಘುವಾಗಿ ತೆಗೆದುಕೊಂಡವರಲ್ಲ. ತಮ್ಮ ತಾಯ್ನಾಡಿನ ಅಳತೆಯಲ್ಲಿ ಅವರು ಕೆಂಗೇರಿಯಲ್ಲಿ ನಡೆಸಿದ್ದು ತೀರ ಸರಳವಾದ ಬಾಳು. ಆದರೆ ಆ ಸರಳತೆಯಲ್ಲಿ ಮಲಗಲು ಮಂಚವಿತ್ತು, ಕೂರಲು ಕುರ್ಚಿಯಿತ್ತು, ಉಣ್ಣಲು ಮೇಜು ಮತ್ತು ಚಮಚವಿತ್ತು, ಕಾಲಿಗೆ ಪಾದರಕ್ಷೆಯಿತ್ತು, ಮೈಮೇಲೆ ಯುರೋಪಿನ ಸಂನ್ಯಾಸಿಯ ಉಡುಪಿತ್ತು. ನೆಲದ ಮೇಲೆ ಚಾಪೆ ಹಾಸಿ ಮಲಗುವ, ಕೈಯಿಂದ ಉಣ್ಣುವ, ಬರಿಗಾಲಲ್ಲಿ ಹೊಲಕ್ಕೆ ನಡೆಯುವ ನೆರೆಹೊರೆಯವರಿಗೆ ಇದು ಅನುಕೂಲಸ್ಥರ ಮನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಸಂನ್ಯಾಸಿ ಎಂದರೆ ಎಲ್ಲವನ್ನೂ ತೊರೆದವನು ಎಂದು ತಿಳಿದ ನಾಡಿನಲ್ಲಿ ಈ ಅಂತರ ಚಿಕ್ಕದಲ್ಲ. ಈ ಬಾಳು ತೀರ ಪಾಶ್ಚಾತ್ಯವಾಗಿದೆ ಎಂಬ ನಿರ್ಣಯಕ್ಕೆ ಗ್ರಿಫಿತ್ಸ್ ಬಂದರು.

1958ರಲ್ಲಿ ಅವರು ಕೆಂಗೇರಿಯನ್ನು ಬಿಟ್ಟು ಕೇರಳಕ್ಕೆ ಹೋದರು. ಅಲ್ಲಿ ಬೆಲ್ಜಿಯಂ ದೇಶದ ಸಿಸ್ಟರ್ಸಿಯನ್ ಸಂನ್ಯಾಸಿ ಫ್ರಾನ್ಸಿಸ್ ಆಚಾರ್ಯರ ಜೊತೆಗೂಡಿ ಕುರಿಶುಮಲ ಆಶ್ರಮದ ಸ್ಥಾಪನೆಯಲ್ಲಿ ಪಾಲ್ಗೊಂಡರು. ಅಲ್ಲಿ ಕಾವಿಯುಡುಗೆ, ಬರಿಗಾಲು, ಸಸ್ಯಾಹಾರ, ನೆಲದ ಮೇಲಿನ ಊಟ, ಲತೀನ್ ವಿಧಿಯ ಬದಲಿಗೆ ಸಿರಿಯನ್ ವಿಧಿಯ ಪ್ರಾರ್ಥನೆ, ಜೀವನೋಪಾಯಕ್ಕೆ ಹೈನುಗಾರಿಕೆ. ಹತ್ತು ವರ್ಷಗಳ ನಂತರ, 1968ರಲ್ಲಿ, ಅವರು ಕಾವೇರಿಯ ದಂಡೆಯ ಶಾಂತಿವನಕ್ಕೆ ತೆರಳಿದರು. ಜ್ಯೂಲ್ ಮೊನ್‌ಶಾನೆಂ ಮತ್ತು ಅಭಿಷಿಕ್ತಾನಂದರು 1950ರಲ್ಲಿ ಸ್ಥಾಪಿಸಿದ್ದ ಆ ಆಶ್ರಮದಲ್ಲೇ ಅವರು ಉಳಿದು 1993ರಲ್ಲಿ ನಿಧನ ಹೊಂದಿದರು.

ಈ ಕಥೆಯನ್ನು ಹೇಳುವಾಗ ಕೆಂಗೇರಿಯನ್ನು ಒಂದು ಸೋಲಾಗಿಯೂ ಶಾಂತಿವನವನ್ನು ಗೆಲುವಾಗಿಯೂ ಚಿತ್ರಿಸುವುದು ವಾಡಿಕೆಯಾಗಿದೆ. ಈ ಚಿತ್ರಣ ಅರ್ಧಸತ್ಯ. ಕೆಂಗೇರಿಯಲ್ಲಿ ನೆಲೆ ನಿಂತವರೂ ಇದ್ದಾರೆ. ಬೆನೆಡಿಕ್ಟೀನ ಸಂನ್ಯಾಸಿ ಕೈಗೊಳ್ಳುವ ಪ್ರತಿಜ್ಞೆಗಳಲ್ಲಿ ‘ಸ್ಥಿರತೆ’ ಒಂದು. ಇದೇ ಸಮುದಾಯದಲ್ಲಿ, ಇದೇ ಸಹೋದರರೊಡನೆ, ಸಾಯುವವರೆಗೆ ಇರುತ್ತೇನೆಂಬುದು ಅದರ ಅರ್ಥ. ಪ್ರಯೋಗ ಮಾಡುವವನಿಗೆ ಹೊರಟುಹೋಗುವ ಸ್ವಾತಂತ್ರ್ಯವಿದೆ. ಸ್ಥಿರತೆಯ ಪ್ರತಿಜ್ಞೆ ಮಾಡಿದವನು ತನ್ನ ಸುತ್ತಣ ನಾಡು ಬದಲಾಗುವುದನ್ನು ನೋಡುತ್ತಾ, ತಾನೂ ನಿಧಾನವಾಗಿ ಬದಲಾಗುತ್ತಾ ಇರಬೇಕು. ಹೊಲಗಳು ಬಡಾವಣೆಗಳಾದವು, ಕುಂಬಳಗೋಡಿನ ಕಡೆ ಕಾರ್ಖಾನೆಗಳೆದ್ದವು, ವೃಷಭಾವತಿ ಕೊಳಚೆ ಹೊತ್ತು ಹರಿಯತೊಡಗಿತು. ಇವೆಲ್ಲದರ ನಡುವೆ ಯಾಮಪ್ರಾರ್ಥನೆಯ ಗಂಟೆ ನಿಲ್ಲಲಿಲ್ಲ. ಧ್ಯಾನಕೂಟಕ್ಕೆಂದು ಆ ಮೌನವನ್ನು ಅರಸಿ ಹೋದ ಬೆಂಗಳೂರಿನ ಗುರುಗಳು, ಕನ್ಯಾಸ್ತ್ರೀಯರು ಮತ್ತು ಗುರುಮಠದ ವಿದ್ಯಾರ್ಥಿಗಳು ಅಸಂಖ್ಯರು. ಇದೂ ಪ್ರೇಷಿತಕಾರ್ಯವೇ.

5. ನಿಯಮಾವಳಿಯೇ ನೀಡುವ ಉತ್ತರ

ಗ್ರಿಫಿತ್ಸ್ ಅವರ ಆಕ್ಷೇಪಣೆಯನ್ನು ಹಲವರು ಬೆನೆಡಿಕ್ಟರ ನಿಯಮಾವಳಿಯ ಮೇಲಿನ ಆಕ್ಷೇಪಣೆಯೆಂದೇ ಗ್ರಹಿಸಿದ್ದಾರೆ. ನಿಯಮಾವಳಿಯನ್ನು ಎಚ್ಚರದಿಂದ ಓದಿದರೆ ಇದು ತಿರುಗುಮುರುಗಾಗುತ್ತದೆ. 55ನೆಯ ಅಧ್ಯಾಯವು ಸಂನ್ಯಾಸಿಗಳ ಉಡುಪು ಅವರು ವಾಸಿಸುವ ಸ್ಥಳದ ಸ್ಥಿತಿಗತಿಗೂ ಹವಾಮಾನಕ್ಕೂ ತಕ್ಕಂತಿರಬೇಕು ಎಂದು ಆರಂಭವಾಗುತ್ತದೆ. ಬಟ್ಟೆಯ ಬಣ್ಣವನ್ನೋ ಒರಟುತನವನ್ನೋ ಕುರಿತು ಗೊಣಗಬಾರದು. ಆಯಾ ಪ್ರಾಂತ್ಯದಲ್ಲಿ ಸಿಗುವುದನ್ನು, ಅಗ್ಗವಾಗಿ ಕೊಳ್ಳಬಹುದಾದದ್ದನ್ನು ಧರಿಸಬೇಕು. ಹಾಸಿಗೆಯ ವಿಷಯಕ್ಕೆ ಬಂದಾಗ ಬೆನೆಡಿಕ್ಟರು ಕೊಡುವ ಪಟ್ಟಿ ನಾಲ್ಕೇ ವಸ್ತುಗಳದು. ಅದರಲ್ಲಿ ಮೊದಲನೆಯದು ಲತೀನಿನಲ್ಲಿ ‘ಮತ್ತಾ’, ಅಂದರೆ ಚಾಪೆ. ಉಳಿದವು ಎರಡು ಹೊದಿಕೆ ಮತ್ತು ಒಂದು ದಿಂಬು. ಕೆಂಗೇರಿಯ ರೈತನ ಮನೆಯಲ್ಲಿದ್ದ ಚಾಪೆ ಆರನೆಯ ಶತಮಾನದ ನಿಯಮಾವಳಿಯಲ್ಲೂ ಇತ್ತು! ಮಂಚ, ಮೇಜು, ಚಮಚಗಳು ಬಂದದ್ದು ಬೆನೆಡಿಕ್ಟರಿಂದಲ್ಲ. ಮಧ್ಯಂತರದ ಶತಮಾನಗಳಲ್ಲಿ ಯುರೋಪಿನ ಬದುಕು ಸಿರಿವಂತವಾದಂತೆ ಮಠಗಳಿಗೂ ಅವು ಒದಗಿದವು. ಪ್ರೇಷಿತರು ನಿಯಮಾವಳಿಯ ಜೊತೆಗೆ ಅದರ ಮೇಲೆ ಕೂತಿದ್ದ ಧೂಳನ್ನೂ ಹಡಗಿನಲ್ಲಿ ತಂದಿದ್ದರು.

ಕೀರ್ತನೆಗಳ ಹಂಚಿಕೆಯಲ್ಲಿಯೂ ಇದೇ ಔದಾರ್ಯವಿದೆ. ತಾನು ಹಾಕಿಕೊಟ್ಟ ಕ್ರಮ ಒಗ್ಗದಿದ್ದರೆ ಉತ್ತಮವೆಂದು ತೋರುವ ಬೇರೊಂದು ಕ್ರಮವನ್ನು ಮಾಡಿಕೊಳ್ಳಬಹುದೆಂದು 18ನೆಯ ಅಧ್ಯಾಯದಲ್ಲಿ ಬೆನೆಡಿಕ್ಟರೇ ಹೇಳುತ್ತಾರೆ. ವಾರಕ್ಕೆ 150 ಕೀರ್ತನೆಗಳು ಎಂಬುದನ್ನು ಮಾತ್ರ ಅವರು ಸಡಿಲಿಸುವುದಿಲ್ಲ. ಮುಖ್ಯವಾದದ್ದನ್ನು ಬಿಗಿಯಾಗಿ ಹಿಡಿದು ಉಳಿದದ್ದನ್ನು ಸ್ಥಳಕ್ಕೂ ಕಾಲಕ್ಕೂ ಬಿಡುವ ವಿವೇಕವಿದು. ಮೇಲೆ ಹೇಳಿದ ಋತುಮಾನದ ಪ್ರಶ್ನೆಗೂ ಇದೇ ಉತ್ತರ.

ಇನ್ನೂ ಮನನೀಯವಾದದ್ದು 61ನೆಯ ಅಧ್ಯಾಯ. ದೂರದ ಪ್ರಾಂತ್ಯದಿಂದ ಬಂದ ಸಂನ್ಯಾಸಿಯೊಬ್ಬನು ಅತಿಥಿಯಾಗಿ ಉಳಿದುಕೊಂಡು ಮಠದಲ್ಲಿ ಕಂಡ ಲೋಪವನ್ನು ವಿನಯದಿಂದ, ಪ್ರೀತಿಯಿಂದ ಎತ್ತಿ ತೋರಿಸಿದರೆ ಮಠಾಧಿಪತಿ ಅದನ್ನು ವಿವೇಕದಿಂದ ಪರಿಶೀಲಿಸಬೇಕು. ಪ್ರಭು ಅವನನ್ನು ಇದಕ್ಕಾಗಿಯೇ ಕಳುಹಿಸಿರಬಹುದು. ಗ್ರಿಫಿತ್ಸ್ ಅವರನ್ನು ಈ ಅಧ್ಯಾಯದ ಬೆಳಕಿನಲ್ಲಿ ನೋಡಬೇಕು. ಅವರು ತೋರಿಸಿದ್ದು ಒಂದು ಮಠದ ಲೋಪವನ್ನಷ್ಟೇ ಅಲ್ಲ, ಭಾರತದ ಇಡೀ ಧರ್ಮಸಭೆಯ ಲೋಪವನ್ನು. ಧರ್ಮಸಭೆ ಆ ಮಾತನ್ನು ಪರಿಶೀಲಿಸದೆ ಬಿಡಲಿಲ್ಲ. 1967ರಲ್ಲಿ ಬೆಂಗಳೂರಿನಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಅಮಲೋರ್ಪವದಾಸರ ನೇತೃತ್ವದಲ್ಲಿ ಆರಂಭವಾಯಿತು. 1969ರಲ್ಲಿ ಭಾರತದ ದೈವಾರಾಧನೆಗೆ ಹನ್ನೆರಡು ಅಂಶಗಳ ಅಳವಡಿಕೆಗೆ ರೋಮಿನ ಒಪ್ಪಿಗೆ ದೊರೆಯಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಕೈಮುಗಿದು ವಂದಿಸುವುದು, ಎಣ್ಣೆದೀಪ, ಆರತಿ ಇವೆಲ್ಲ ಅವುಗಳಲ್ಲಿ ಸೇರಿವೆ. ಕೆಂಗೇರಿಯಲ್ಲಿ ಎದ್ದ ಮಂಚ ಮತ್ತು ಪಾದರಕ್ಷೆಗಳ ಪ್ರಶ್ನೆಗೆ ಇದು ಅಧಿಕೃತ ಉತ್ತರದ ಆರಂಭವೆನ್ನಬಹುದು. 1973ರಲ್ಲಿ ಏಷ್ಯಾದ ಸಂನ್ಯಾಸಿಗಳ ಎರಡನೆಯ ಮಹಾಸಮ್ಮೇಳನವೂ ಬೆಂಗಳೂರಿನಲ್ಲೇ ನಡೆಯಿತು. 1968ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಮೊದಲ ಸಮ್ಮೇಳನದ ದಿನಗಳಲ್ಲೇ ಥಾಮಸ್ ಮರ್ಟನ್ ನಿಧನ ಹೊಂದಿದ್ದರು.

6. ಯಾವ ನುಡಿಯಲ್ಲಿ?

ಉಡುಪು, ಹಾಸಿಗೆ, ಊಟಗಳಿಗಿಂತಲೂ ಆಳವಾದ ಪ್ರಶ್ನೆ ನುಡಿಯದು. 1957ರಲ್ಲಿ ಬೆನೆಡಿಕ್ಟೀನ ಸಮುದಾಯ ಪ್ರಾರ್ಥನೆಯ ಭಾಷೆ ಲತೀನ್. ಜಗದ್ಗುರು ಆರನೆಯ ಪೌಲರು 1966ರ ಆಗಸ್ಟ್ 15ರ ‘ಸಾಕ್ರಿಫಿಚಿಯುಂ ಲೌದಿಸ್’ ಪತ್ರದಲ್ಲಿ ಲತೀನ್ ಯಾಮಪ್ರಾರ್ಥನೆಯನ್ನೂ ಗ್ರೆಗೋರಿಯನ್ ಗಾಯನವನ್ನೂ ಉಳಿಸಿಕೊಳ್ಳಿರೆಂದು ಸಂನ್ಯಾಸಿಗಳನ್ನು ಕಳಕಳಿಯಿಂದ ಕೇಳಿಕೊಂಡರು. ಆದರೂ ಜಗತ್ತಿನ ಬಹುಪಾಲು ಮಠಗಳು ಕೆಲವೇ ವರ್ಷಗಳಲ್ಲಿ ಜನಭಾಷೆಗಳ ಕಡೆಗೆ ಹೊರಳಿದವು. ಯಾವ ಜನರ ಭಾಷೆಗೆ ಹೊರಳಬೇಕು? ಫ್ರಾನ್ಸಿನ ಮಠಕ್ಕೆ ಈ ಪ್ರಶ್ನೆಯೇ ಏಳಲಿಲ್ಲ. ಬೆಂಗಳೂರಿನಲ್ಲಿ ಅದು ಸುಲಭವಾಗಿರಲಿಲ್ಲ. ಇಲ್ಲಿಯ ಗುರುಮಠಗಳಿಗೂ ಸಂನ್ಯಾಸಗೃಹಗಳಿಗೂ ಬರುವ ಅಭ್ಯರ್ಥಿಗಳು ಕೇರಳ, ತಮಿಳುನಾಡು, ಆಂಧ್ರ, ಗೋವಾ, ಈಶಾನ್ಯ ರಾಜ್ಯಗಳಿಂದ ಬರುತ್ತಾರೆ. ಎಲ್ಲರಿಗೂ ಸಮಾನವಾದ ಭಾಷೆ ಇಂಗ್ಲಿಷ್ ಆಗಿಬಿಡುತ್ತದೆ. ಅದರಲ್ಲಿ ದುರುದ್ದೇಶವಿಲ್ಲ, ವ್ಯಾವಹಾರಿಕ ಅಗತ್ಯವಿದೆ. ಆದರೆ ಪರಿಣಾಮವನ್ನು ಕಾಣದಿರುವುದು ಪ್ರಾಮಾಣಿಕತೆಯಾಗದು. ಲತೀನಿನ ಗೋಡೆ ಬಿದ್ದ ಜಾಗದಲ್ಲಿ ಇಂಗ್ಲಿಷಿನ ಗೋಡೆ ಎದ್ದಿದೆ. ಮಠದ ಹೊರಗಿನ ಹೊಲದಲ್ಲಿ ಕಳೆ ಕೀಳುವವಳಿಗೆ ಒಳಗಿನ ಕೀರ್ತನೆ ಇನ್ನೂ ಅರ್ಥವಾಗುವುದಿಲ್ಲ.

ಇದನ್ನು ಬೇರೆಯವರ ಮೇಲಿನ ಆರೋಪವಾಗಿ ನಾನು ಹೇಳುತ್ತಿಲ್ಲ. ಗುರುಪಟ್ಟವಾದ ಹೊಸತರಲ್ಲಿ ಪಶ್ಚಿಮ ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕನಾಗಿದ್ದಾಗ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ವಿಧಿ ಮುಗಿದ ಮೇಲೆ ಆ ತಾಯಿ, ‘ಸ್ವಾಮಿ, ಕುರುಬನ ಕೀರ್ತನೆ ಒಂದ್ಸಲ ಹೇಳಿ’ ಎಂದರು. ಪ್ರತಿದಿನ ಯಾಮಪ್ರಾರ್ಥನೆ ಹೇಳುವ ನನಗೆ ಆ 23ನೆಯ ಕೀರ್ತನೆ ಇಂಗ್ಲಿಷಿನಲ್ಲಿ ಕಂಠಪಾಠವಿತ್ತು. ನಾನು ಹುಟ್ಟಿದ ನುಡಿಯಲ್ಲಿ ಎರಡನೆಯ ಸಾಲಿಗೇ ತಡವರಿಸಿದೆ. ಆಕೆ ನನ್ನ ಕೈ ಹಿಡಿದುಕೊಂಡು ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ಅಂದು ಪ್ರಾರ್ಥನೆ ನಡೆಸಿದವರು ಆಕೆ. ‘ಆಮೆನ್’ ಎಂದವನು ನಾನು. ಗ್ರಿಫಿತ್ಸ್ ಅವರಿಗೆ ಮಂಚದ ಮೇಲೆ ಕಾಡಿದ ನಾಚಿಕೆ ಎಂತಹದೆಂದು ನನಗೆ ಆ ಮಧ್ಯಾಹ್ನ ಅರ್ಥವಾಯಿತು. ಕಡಲು ದಾಟಿ ಬಂದವನಷ್ಟೇ ಪರದೇಶಿಯಲ್ಲ. ಪ್ರಾರ್ಥನೆಯಲ್ಲಿ ತನ್ನ ಜನರಿಂದ ದೂರವಾದ ಗುರುವೂ ಪರದೇಶಿಯೇ.

ಉಪಸಂಹಾರ

ಕೆಂಗೇರಿಯ ಈ ಚರಿತ್ರೆಯಿಂದ ನಾವು ಎರಡು ನಿಷ್ಕರ್ಷೆಗಳಿಗೆ ಬರಬಹುದು. ಮೊದಲನೆಯದಾಗಿ, ಪ್ರಾರ್ಥನೆ ಪ್ರೇಷಿತಕಾರ್ಯದ ಪೂರ್ವಸಿದ್ಧತೆ ಮಾತ್ರವಲ್ಲ, ಅದೇ ಒಂದು ಪ್ರೇಷಿತಕಾರ್ಯ. ಶಾಲೆ, ಆಸ್ಪತ್ರೆಗಳಿಂದಲೇ ಹೆಸರಾದ ಬೆಂಗಳೂರಿನ ಧರ್ಮಸಭೆಯಲ್ಲಿ, ದೇವರ ಮುಂದೆ ನಿಲ್ಲುವುದನ್ನೇ ತಮ್ಮ ವೃತ್ತಿಯಾಗಿಸಿಕೊಂಡ ಜನರಿದ್ದಾರೆ ಎಂಬುದೇ ಒಂದು ಸಾಕ್ಷ್ಯ. ಎರಡನೆಯದಾಗಿ, ಪ್ರಾರ್ಥನೆಗೆ ದೇಹವಿದೆ. ಅದು ಚಾಪೆಯ ಮೇಲೆ ಕೂರುತ್ತದೆ, ಒಂದು ಹೊತ್ತಿಗೆ ಏಳುತ್ತದೆ, ಒಂದು ನುಡಿಯನ್ನಾಡುತ್ತದೆ. ಆ ದೇಹ ಊರಿನವರದಾಗದೆ ಹೋದರೆ ಪ್ರಾರ್ಥನೆ ಎಷ್ಟೇ ಶುದ್ಧವಾಗಿದ್ದರೂ ನೆರೆಯವರಿಗೆ ಅದು ಸುವಾರ್ತೆಯಾಗಿ ಕೇಳಿಸದು. ಸಾಂಸ್ಕೃತೀಕರಣವೆಂಬುದು ವಿಚಾರಗೋಷ್ಠಿಗಳ ವಿಷಯವಾಗುವ ಮುನ್ನ ಮಲಗುವ ಕೋಣೆಯ, ಅಡುಗೆಮನೆಯ ಮತ್ತು ನಾಲಗೆಯ ವಿಷಯ.

ಹೊರಟು ಹೋದ ಗ್ರಿಫಿತ್ಸ್ ನಮಗೆ ಪ್ರಶ್ನೆಯನ್ನು ಬಿಟ್ಟು ಹೋದರು. ನೆಲೆ ನಿಂತವರು ಆ ಪ್ರಶ್ನೆಯೊಡನೆ ಬಾಳುವ ತಾಳ್ಮೆಯನ್ನು ಕಲಿಸಿದರು. ಇಬ್ಬರ ಋಣವೂ ನಮ್ಮ ಮೇಲಿದೆ. ಗುರುಮಠದಲ್ಲಿ ಓದುತ್ತಿರುವ ಕಿರಿಯ ಸಹೋದರರಿಗೆ ನನ್ನ ವಿನಂತಿ ಇಷ್ಟೇ: ಕಾನೂನಿನಂತೆ ನಾವು ಹೇಳಲೇಬೇಕಾದ ಯಾಮಪ್ರಾರ್ಥನೆಗಳಲ್ಲಿ ದಿನಕ್ಕೆ ಒಂದನ್ನಾದರೂ, ಸಂಧ್ಯಾಸ್ತುತಿಯನ್ನೋ ಶಯನಪ್ರಾರ್ಥನೆಯನ್ನೋ, ಕನ್ನಡದಲ್ಲಿ, ಗಟ್ಟಿಯಾಗಿ, ಸಾಧ್ಯವಾದರೆ ನೆಲದ ಮೇಲೆ ಕುಳಿತು ಹೇಳಿರಿ. ಕನ್ನಡ ಬಾರದ ಸಹಪಾಠಿಗೆ ಒಂದು ಕೀರ್ತನೆಯನ್ನು ಕಲಿಸಿರಿ. ಮುಂದೆ ಯಾವುದೋ ಮನೆಯಲ್ಲಿ, ಯಾವುದೋ ಹಾಸಿಗೆಯ ಪಕ್ಕದಲ್ಲಿ, ಯಾರೋ ಒಬ್ಬರು ನಿಮ್ಮನ್ನು ಕೀರ್ತನೆ ಹೇಳೆಂದು ಕೇಳುವರು. ಆಗ ನೀವು ತಡವರಿಸದಿರಿ.